ಕಾಲಿಲ್ಲದ ಪ್ರೊಸೆಸರ್

ಗುಂಡಣ್ಣ ಹೊಸ ಕೋರ್ ಟು ಡ್ಯುಯೋ ಪ್ರೊಸೆಸರನ್ನು ಮಗುಚಿ ನೋಡಿ ಬೆವತುಹೋಗಿ ಸಹಾಯಕಿ ಊರ್ಮಿಳೆಗೆ ಹೇಳಿದ. “ಇದಕ್ಕೆ ಕಾಲೇ ಇಲ್ಲವಲ್ಲಮ್ಮಾ! ಆ ಡೀಲರ್ ಡೂಪ್ಲಿಕೇಟ್ ಮಾಲು ತಲೆಗೆ ಕಟ್ಟಿಬಿಟ್ಟ.” ಚೆನ್ನೈನ ಟ್ರಿಪ್ಲಿಕೇನಿನ ಆ ಕಂಪ್ಯೂಟರ್ ಅಂಗಡಿಯಲ್ಲಿ ಹತ್ತು ವರ್ಷ ಅವನು ಕೂರಿಸಿದ್ದೆಲ್ಲ ಅಡಿಯಲ್ಲಿ ಪಿನ್ನುಗಳಿದ್ದ ಹಳೆಯ ಪೆಂಟಿಯಂ ಪ್ರೊಸೆಸರುಗಳೇ. ಆ ಪಿನ್ನುಗಳನ್ನೇ ಅವನು ಕಾಲು ಅನ್ನುತ್ತಿದ್ದದ್ದು.

ಡೀಲರನ್ನು ಬಯ್ಯಲು ಅವನು ಫೋನ್ ಎತ್ತಿದ. ಊರ್ಮಿಳೆಗೆ ಅಲ್ಲಿ ಸ್ಕ್ರೂ ಬಿಗಿಯುವುದಷ್ಟೇ ಕೆಲಸ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು ಪ್ರೊಸೆಸರ್ ಮುಟ್ಟಬಾರದೆಂದು ಅವನ ಕಟ್ಟಪ್ಪಣೆ. ಆದರೂ ಅವಳು, ಪ್ರೊಸೆಸರ್ ಜೊತೆ ಬಂದಿದ್ದ, ಅದನ್ನು ಕೂರಿಸುವ ಹೊಸ ಬೋರ್ಡಿನ ಕಪ್ಪು ಮುಚ್ಚಳ ತೆಗೆದು ಅವನ ಮುಂದೆ ಹಿಡಿದಳು. ಒಳಗೆ ಕೂದಲಿನಷ್ಟು ಸಣ್ಣ ಪಿನ್ನುಗಳು ನೂರಾರು ಮಿನುಗುತ್ತಿದ್ದವು.

“ಅಣ್ಣಾ, ಕಾಲು ಬೋರ್ಡಿಗೆ ಬಂದಿದೆ.”

ಗುಂಡಣ್ಣ ಫೋನ್ ಇಟ್ಟು ನಕ್ಕ. “ಮಾನ ಉಳಿಸಿದೆ, ತಾಯಿ. ನನ್ನದು ಹೆಬ್ಬೆಟ್ಟಲ್ಲಿ ಒತ್ತಿ ಅಭ್ಯಾಸವಾದ ಕೈ, ಇವನ್ನೆಲ್ಲ ಬಗ್ಗಿಸಿಬಿಡುತ್ತೆ. ನೀನೇ ಕೂರಿಸು.”

ಊರ್ಮಿಳೆ ಒತ್ತಲಿಲ್ಲ. ದೇವರಿಗೆ ಹೂ ಇಡುವಂತೆ ಮೆಲ್ಲಗೆ ಇಟ್ಟು ಕೊಂಡಿ ಹಾಕಿದಳು. ಉಳಿದದ್ದನ್ನೂ ತಾನೇ ಜೋಡಿಸಿ ಸ್ವಿಚ್ ಒತ್ತಿದಾಗ ತೆರೆ ಬೆಳಗಿತು. ಅಷ್ಟರಲ್ಲಿ ಕಂಪ್ಯೂಟರ್ ಒಯ್ಯಲು ಬಂದ ಗಿರಾಕಿ, “ಏನು ಸಾರ್, ರೆಡಿಯಾ?” ಎಂದು ತಮಿಳಿನಲ್ಲಿ ಕೇಳಿದರು.

ಗುಂಡಣ್ಣ ಊರ್ಮಿಳೆಯತ್ತ ಕೈ ತೋರಿಸಿದ. “ಮೇಡಂ ಹತ್ರ ಕೇಳಿ!”