ಪೆನ್ ಡ್ರೈವ್ ಹಿಡಿದುಕೊಂಡವರು

ನಾಲ್ಕನೆಯ ಸಲವೂ ಕಂಪ್ಯೂಟರ್ ಅದೇ ರಾಗ ಎಳೆಯಿತು: ‘ಪೆನ್ ಡ್ರೈವ್ ಬಳಕೆಯಲ್ಲಿದೆ, ಈಗ ತೆಗೆಯಬೇಡಿ.’

“ಯಾರ್ರೀ ಬಳಸ್ತಿರೋದು? ಮನೇಲಿರೋದೇ ನಾವಿಬ್ಬರು,” ಎಂದು ವಿಮಲಾ ಕುರ್ಚಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತರು. ಗಂಟೆ ಐದೂಕಾಲು. ಆರಕ್ಕೆ ಪುಟ್ಟೇನಹಳ್ಳಿಯ ಸಮುದಾಯ ಭವನದಲ್ಲಿ ಮಹಿಳಾ ಸಮಾಜದ ವಾರ್ಷಿಕೋತ್ಸವ. ಹೆಂಗಸರೇ ಸೇರಿ ಮೊಬೈಲಿನಲ್ಲಿ ತೆಗೆದ ಹತ್ತು ನಿಮಿಷದ ಹಾಸ್ಯಚಿತ್ರ ಅಲ್ಲಿ ತೆರೆಗೆ ಬರಬೇಕು. ಅದು ಇದ್ದದ್ದು ಈ ಪೆನ್ ಡ್ರೈವಿನಲ್ಲಿ, ಇರುವ ಪ್ರತಿಯೂ ಇದೊಂದೇ. ಒಯ್ಯಲು ಬಂದ ಗೆಳತಿ ಮೈತ್ರೇಯಿ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದವರು, ಹೆಲ್ಮೆಟ್ಟನ್ನೂ ತೆಗೆಯದೆ ಪಕ್ಕದಲ್ಲಿ ನಿಂತಿದ್ದರು.

ಬಳಸುತ್ತಿರುವವರು ಯಾರೆಂದು ವಿಮಲಾ ಅವರ ಯಜಮಾನರಾದ ಬದರಿನಾಥರಿಗೆ ಚೆನ್ನಾಗಿ ಗೊತ್ತಿತ್ತು. ಅವರೇ! ಅರ್ಧ ಗಂಟೆಯ ಹಿಂದೆ ಹೆಂಡತಿ ಹೂವು ತರಲು ಹೋದಾಗ ಕದ್ದು ಚಿತ್ರ ನೋಡಿದ್ದರು. ನೋಡಿದರೆ ಏನು, ಮೂರನೆಯ ನಿಮಿಷಕ್ಕೆ ವಿಮಲಾ ಗಂಡನದೇ ಮಂಕಿ ಕ್ಯಾಪು, ಗಂಡನದೇ ಅರ್ಧ ತೋಳಿನ ಸ್ವೆಟರು ಏರಿಸಿಕೊಂಡು ‘ಯಜಮಾನ’ರಾಗಿ ಬಂದು ಕಂಪ್ಯೂಟರ್ ಪಾಠ ಕೊರೆಯುತ್ತಿದ್ದರು. ಬಡಾವಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುವ ಸೀನು. ನಾಳೆಯಿಂದ ಯಾವ ಮುಖ ಹೊತ್ತು ಪಾರ್ಕಿಗೆ ವಾಕಿಂಗ್ ಹೋಗುವುದು? ಆ ಭಾಗಕ್ಕೆ ಕತ್ತರಿ ಹಾಕಲು ಕೂತಿದ್ದರು, ಅಷ್ಟರಲ್ಲಿ ಗೇಟು ಸದ್ದಾಯಿತು. ಗಾಬರಿಯಲ್ಲಿ ಎಲ್ಲವನ್ನೂ ಆ ಕಂಪ್ಯೂಟರನ್ನು ನಡೆಸುವ ಲಿನಕ್ಸಿನ ಎರಡನೆಯ ಡೆಸ್ಕ್‌ಟಾಪಿಗೆ ತಳ್ಳಿಬಿಟ್ಟರು. ಕಾಣುವ ಪರದೆಯ ಹಿಂದೆ ಕಾಣದ ಪರದೆ ಇನ್ನೊಂದಿದೆ ಎಂಬುದು ಆ ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿದ್ದ ಸಂಗತಿ. ಬಂದ ವಿಮಲಾ ನೇರ ಕಂಪ್ಯೂಟರಿನ ಮುಂದೆ ಕೂತವರು ಇನ್ನೂ ಎದ್ದಿಲ್ಲ.

“ನೀನು ಏಳು, ನಾನು ನೋಡ್ತೀನಿ.”

“ಬೇಡಪ್ಪಾ. ನಿಮ್ಮ ಲಿನಕ್ಸ್ ಪುರಾಣ ಮುಗಿಯೋಷ್ಟರಲ್ಲಿ ಎಂಟಾಗುತ್ತೆ. ಮೈತ್ರೇಯಿ ನೋಡ್ಲಿ.”

“ಹಾಗಾದ್ರೆ ಸುಮ್ನೆ ಎಳೆದ್ಬಿಡಿ. ಏನೂ ಆಗಲ್ಲ.”

ವಿಮಲಾ ತಿರುಗಿ ಗಂಡನ ಮುಖವನ್ನೇ ನೋಡಿದರು. ಹಿಂದೊಮ್ಮೆ ತಾವು ಹಾಗೆ ಎಳೆದು, ತಮ್ಮನ ಮಗನ ಮುಂಜಿಯ ಫೋಟೋಗಳೆಲ್ಲ ಹೋಗಿ, ಈ ಮನುಷ್ಯ ಮೂರು ದಿನ ಮಾತು ಬಿಟ್ಟಿದ್ದುಂಟು. ಅಂದಿನಿಂದ ಕಂಪ್ಯೂಟರಿನ ಅಪ್ಪಣೆ ಪಡೆದು ‘ಎಜೆಕ್ಟ್’ ಮಾಡದೆ ಪೆನ್ ಡ್ರೈವ್ ಮುಟ್ಟುವುದು ಆ ಮನೆಯಲ್ಲಿ ಮಡಿ ಬಟ್ಟೆ ಮುಟ್ಟಿದಷ್ಟೇ ದೊಡ್ಡ ಅಪರಾಧ.

“ರೀ, ಹುಷಾರಾಗಿದೀರಿ ತಾನೇ?”

ಕಂಪ್ಯೂಟರೇ ಆರಿಹೋದರೆ ಗುಟ್ಟು ಉಳಿಯುತ್ತದೆಂದು ಬದರಿನಾಥರು ಮೆಲ್ಲಗೆ ವರಾಂಡಕ್ಕೆ ಜಾರಿ ಮೇನ್ ಸ್ವಿಚ್ಚನ್ನು ಟಪ್ಪೆಂದು ಇಳಿಸಿದರು. ಫ್ಯಾನು ನಿಂತಿತು, ಫ್ರಿಜ್ಜು ಸುಮ್ಮನಾಯಿತು. ಕಂಪ್ಯೂಟರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕರೆಂಟ್ ಹೋದರೂ ಅದಕ್ಕೆ ಕೂದಲು ಕೊಂಕಬಾರದೆಂದು ಯುಪಿಎಸ್ ಹಾಕಿಸಿದವರೂ ಅವರೇ ತಾನೆ! ಅದು ಕೀಂ ಕೀಂ ಎಂದು ಕೂಗತೊಡಗಿದಾಗ, ಪಾಪ, ಸ್ವಿಚ್ಚನ್ನು ಮತ್ತೆ ಏರಿಸಿ ಏನೂ ಅರಿಯದವರಂತೆ ಒಳಗೆ ಬಂದರು.

“ಯಾರು ಹಿಡ್ಕೊಂಡಿದಾರೆ ಅಂತ ಇದನ್ನೇ ಕೇಳಿಬಿಡೋಣ,” ಎಂದು ಮೈತ್ರೇಯಿ ಬಾಗಿ, ಕಪ್ಪು ಕಿಟಕಿಯೊಂದನ್ನು ತೆರೆದು, ಒಂದು ಸಾಲು ಟೈಪ್ ಮಾಡಿದರು. ಲಿನಕ್ಸಿಗೆ ದಾಕ್ಷಿಣ್ಯ ಎಂಬುದಿಲ್ಲ. ಚಿತ್ರದ ಹೆಸರನ್ನೂ, ಅದನ್ನು ಹಿಡಿದುಕೊಂಡಿದ್ದ ಪ್ರೋಗ್ರಾಮಿನ ಹೆಸರನ್ನೂ ಪಟ್ಟನೆ ಒದರಿಬಿಟ್ಟಿತು.

“ಇದು ವಿಡಿಯೋ ಕತ್ತರಿಸೋ ಪ್ರೋಗ್ರಾಂ ಕಣ್ರೀ ವಿಮಲಾ. ನೀವೇನಾದ್ರೂ ಕಟ್ ಮಾಡ್ತಿದ್ರಾ?”

“ಇವತ್ತು ನಾನು ಕಟ್ ಮಾಡಿರೋದು ಹುರುಳಿಕಾಯಿ ಒಂದೇ.”

ಮೈತ್ರೇಯಿ ಕೀಲಿಗಳನ್ನು ಒತ್ತಿದರು. ಮುಂದಿನ ಪರದೆ ಪಕ್ಕಕ್ಕೆ ಸರಿದು ಹಿಂದಿನದು ಬಂತು. ಅಲ್ಲಿ ಮಂಕಿ ಕ್ಯಾಪಿನ ವಿಮಲಾ ತೋರುಬೆರಳು ಮೇಲೆತ್ತಿ, ಬಾಯಿ ತೆರೆದು, ಹಾಗೇ ನಿಂತುಬಿಟ್ಟಿದ್ದರು. ಸೀನಿನ ಎರಡೂ ತುದಿಗೆ ಕತ್ತರಿಯ ಗುರುತು.

“ಓಹೋ, ಹೀಗೋ ಸಮಾಚಾರ!” ಎಂದರು ವಿಮಲಾ.

ಬದರಿನಾಥರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಾಚಿಕೆಗಿಂತ ಸಿಟ್ಟೇ ಒಂದು ಕೈ ಮೇಲಾಯಿತು. “ಮತ್ತಿನ್ನೇನು? ಊರೆಲ್ಲ ನನ್ನ ನೋಡಿ ನಗ್ಲಿ ಅಂತಾನಾ? ನಾನು ಯಾವತ್ತು ಹೀಗೆ ಬೆರಳೆತ್ಕೊಂಡು ಪಾಠ ಮಾಡಿದೀನಿ? ಒಂದು ದಿನ, ಒಂದೇ ಒಂದು ದಿನ ತೋರ್ಸು!”

ಗಂಡ ಹೆಂಡಿರ ನಡುವೆ ತಮಗೇಕೆ ಎಂದು ಮೈತ್ರೇಯಿ ಗಡಿಯಾರದತ್ತ ನೋಡಿದರು. ಐದೂವರೆ ದಾಟಿತ್ತು. “ಸಾರ್, ಟೈಮಿಲ್ಲ. ನೀವೇ ಹೇಳಿದ್ರಲ್ಲ, ಎಳೆದೇ ಬಿಡ್ತೀನಿ,” ಎಂದು ಪೆನ್ ಡ್ರೈವಿಗೆ ಕೈ ಹಾಕಿದರು.

“ಅಯ್ಯಯ್ಯೋ, ಎಳೀಬೇಡ್ರೀ!” ಬದರಿನಾಥರು ನಿಂತಲ್ಲೇ ನೆಗೆದರು. “ಮೊದ್ಲು ಪ್ರೋಗ್ರಾಂ ಮುಚ್ಚಿ. ಸೇವ್ ಮಾಡ್ಬೇಡಿ, ಇಲ್ದಿದ್ರೆ ಸೀನ್ ಹೋಗುತ್ತೆ! ಆಮೇಲೆ ಎಜೆಕ್ಟ್. ಆಮೇಲೆ ಅದರ ದೀಪ ಆರೋವರೆಗೂ ಕಾಯ್ಬೇಕು. ಎಷ್ಟು ಸಲಾ ಹೇಳೋದು ನಿಮಗೆಲ್ಲ?”

ಅವರ ತೋರುಬೆರಳು ಫ್ಯಾನಿನ ಕಡೆಗೆ ನೆಟ್ಟಗೆ ಎದ್ದು ನಿಂತಿತ್ತು. ಮೈತ್ರೇಯಿ ಒಮ್ಮೆ ಪರದೆಯ ಮೇಲಿನ ಬೆರಳನ್ನು ನೋಡಿದರು, ಒಮ್ಮೆ ಈ ಬೆರಳನ್ನು ನೋಡಿದರು.

“ನೋಡಿದ್ರಾ ಮೈತ್ರೇಯಿ?” ಎಂದರು ವಿಮಲಾ. “ಪಾಪ, ಗಂಡ ಅಲ್ವಾ ಅಂತ ನಾನು ಎಷ್ಟೋ ಕಮ್ಮಿ ಮಾಡೇ ತೋರ್ಸಿದೀನಿ.”