ನಾಯಕನ ಕಾಲು

“ಇವತ್ತು ನೀವು ನಡೆಯೋದು ಬೇಡ ಸದ್ದಣ್ಣ,” ಎಂದ ನಿರ್ದೇಶಕ.

ರೇಡಿಯೊ ನಾಟಕದ ಕೊನೆಯ ಕಂತಿನ ಧ್ವನಿಮುದ್ರಣ ಇನ್ನೇನು ಶುರುವಾಗಬೇಕಿತ್ತು. ಹೆಜ್ಜೆ, ಬಾಗಿಲು, ಗಾಳಿಗಳ ಸದ್ದು ಮಾಡುವ ಕೆಲಸದಿಂದಾಗಿಯೇ ಆ ಹೆಸರು ಅಂಟಿಸಿಕೊಂಡಿದ್ದ ಸದ್ದಣ್ಣ ಆಗಲೇ ಕೈಗಡಿಯಾರ ಬಿಚ್ಚಿ, ಜೇಬಿನ ಬೀಗದ ಕೈ ತೆಗೆದಿಟ್ಟು, ತೊಗಲಿನ ಚಪ್ಪಲಿ ಮೆಟ್ಟಿ ಮರಳಿನ ಪೆಟ್ಟಿಗೆಯ ಅಂಚಿನಲ್ಲಿ ನಿಂತಿದ್ದ. ಪಕ್ಕದಲ್ಲಿ ಜಲ್ಲಿಯ ಪೆಟ್ಟಿಗೆ, ಅದರಾಚೆ ಒಂದು ಕಲ್ಲುಚಪ್ಪಡಿ. ಮೈಕು ಅವನ ಮೊಣಕಾಲಿಗಿಂತ ಕೆಳಗೆ ಬಾಗಿತ್ತು.

ನಾಟಕ ಪುರಾತನ ಕಾವ್ಯವೊಂದರದ್ದು. ಸತ್ತ ತಮ್ಮನ ಅಸ್ಥಿ ತರಲು ಕಡಲು ದಾಟಿ ಹೋದ ಅಣ್ಣನ ಕಥೆ. ಆ ಅಣ್ಣ ಮರುಭೂಮಿ ದಾಟಿದ್ದು, ಹಿಟ್ಟಿನ ಚೀಲ ತುಳಿದು ಹಿಮ ದಾಟಿದ್ದು, ಸತ್ತವರ ಲೋಕದ ಮೆಟ್ಟಿಲಿಳಿದದ್ದು ಎಲ್ಲ ಈ ಮೂಲೆಯಲ್ಲೇ, ಸದ್ದಣ್ಣನ ಕಾಲಿನಲ್ಲೇ. ನಾಯಕನ ಮಾತು ಆಡುವವನು ಬೇರೆ: ಗುಡುಗಿನಂಥ ಗಂಟಲಿನ, ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ನಟ. “ಗಂಟಲು ನಂದು, ಕಾಲು ನಿಂದು. ಇಬ್ರೂ ಸೇರಿದ್ರೆ ಹೇಗೋ ಒಬ್ಬ ಗಂಡಸು ಆಗ್ತೀವಿ ನೋಡು,” ಎಂದು ಅವನು ಚುಡಾಯಿಸುವುದಿತ್ತು.

ಹೋದ ತಿಂಗಳು ಪಾರ್ಶ್ವವಾಯು ಸದ್ದಣ್ಣನನ್ನು ಸವರಿಕೊಂಡು ಹೋಗಿತ್ತು. ಪ್ರಾಣ ಉಳಿಯಿತು; ಎಡಗಾಲು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಮನೆಯಲ್ಲಿ ಅಡುಗೆಮನೆಯಿಂದ ಬಾಗಿಲಿನವರೆಗೆ ಹಳೆಯ ನಡಿಗೆಯನ್ನು ಅಭ್ಯಾಸ ಮಾಡಿ ನೋಡಿದ್ದ. ಒಲೆಯ ಮುಂದಿದ್ದ ಹೆಂಡತಿ ತಿರುಗಿಯೂ ನೋಡದೆ, ಯಾರ ಕಣ್ಣಿಗೆ ಮಣ್ಣೆರಚಬೇಕು ಅಂತಿದ್ದೀರಿ, ಸಾಕು ಬಂದು ಕೂತ್ಕೊಳ್ಳಿ ಎಂದಿದ್ದಳು. ಕಾಲೆಳೆಯುವವನನ್ನು ಇಟ್ಟುಕೊಂಡು ಏನು ಮಾಡುವುದು ಎಂಬ ಮಾತು ರೇಡಿಯೊ ನಿಲಯದ ಮೇಲಿನ ಮಹಡಿಯ ಅಧಿಕಾರಿಗಳ ಕೋಣೆಗಳಲ್ಲಿ ನಡೆದದ್ದು ಅವನ ಕಿವಿಗೂ ಬಿದ್ದಿತ್ತು. ಇವತ್ತು ಅವನಿಲ್ಲದೆ ನಾಯಕ ಮನೆ ಸೇರಿಬಿಟ್ಟರೆ, ನಾಳೆಯಿಂದ ಅವನನ್ನು ಕರೆಯಲು ಯಾರಿಗೂ ಕಾರಣವಿರುವುದಿಲ್ಲ.

ನಿರ್ದೇಶಕ ಕೆಟ್ಟವನಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ತಾಳ್ಮೆಯಿಂದಲೇ ವಿವರಿಸಿದ. ಕಾವ್ಯದಲ್ಲಿ ಸ್ಪಷ್ಟವಾಗಿದೆ: ಮಗ ಬರಿಗೈಯಲ್ಲಿ ಹಿಂದಿರುಗುತ್ತಾನೆ, ಹೊಸ್ತಿಲಲ್ಲಿ ಕೂತ ಕುರುಡಿ ತಾಯಿ, ಅವನು ಬಾಯಿ ಬಿಡುವ ಮೊದಲೇ, ಬರೀ ಹೆಜ್ಜೆಯ ಸದ್ದಿನಿಂದ ಅವನನ್ನು ಗುರುತಿಸುತ್ತಾಳೆ. ಮೊದಲ ಕಂತಿನಲ್ಲಿ ನಾಯಕ ಮನೆ ಬಿಟ್ಟಾಗಿನ ನಡಿಗೆ ಟೇಪಿನಲ್ಲಿ ಭದ್ರವಾಗಿದೆ. ಅದನ್ನೇ ಹಾಕಿದರಾಯಿತು.

“ಅದೂ ನಿಮ್ಮ ಕಾಲೇ ತಾನೆ?”

“ಅದು ಹೊರಟವನ ಕಾಲು ಸಾರ್. ಬಂದವನದ್ದಲ್ಲ.”

“ಒಪ್ಕೊಂಡೆ. ಆದ್ರೆ ಹೀಗೆ ಎಳೆದುಕೊಂಡು ಬಂದ್ರೆ ಆ ತಾಯಿಗೆ ಗುರುತು ಹೇಗೆ ಸಿಗುತ್ತೆ?”

ಸದ್ದಣ್ಣ ಚಪ್ಪಲಿಯ ತುದಿಯಿಂದ ಮರಳನ್ನು ಸಮ ಮಾಡುತ್ತ ನಿಂತ. ಒಂದೇ ಒಂದು ಸಲ ನಡೆಯುತ್ತೇನೆ, ಸರಿ ಬರದಿದ್ದರೆ ಟೇಪ್ ಹಾಕಿಕೊಳ್ಳಿ, ಆಮೇಲೆ ನಾನಾಗಿ ಈ ಕಡೆ ತಲೆ ಹಾಕುವುದಿಲ್ಲ ಎಂದ.

ತಾಯಿಯ ಪಾತ್ರದ ಮುದುಕಿ ನಟಿ, ಎಲ್ಲರೂ ಅಮ್ಮಾವ್ರು ಎನ್ನುವ ಆಕೆ, ಆಗಲೇ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕಣ್ಣು ಮುಚ್ಚಿದ್ದಳು. ಕುರುಡಿಯಾದ ಮೇಲೆ ನೋಡಬಾರದು ಎಂಬುದು ಆಕೆಯ ಹಟ. ಮಾತೆಲ್ಲ ಬಾಯಿಪಾಠ ಮಾಡಿಕೊಂಡು ಬಂದು, ಕಿವಿಗೆ ಬಿದ್ದದ್ದಕ್ಕೆ ಮಾತ್ರ ಉತ್ತರ ಕೊಡುವುದು ಮೊದಲಿನಿಂದಲೂ ಆಕೆಯ ರೀತಿ.

“ನಡೀಲಿ ಬಿಡಪ್ಪ,” ಎಂದಳು ಗೋಡೆಗೆ. “ನಂಗೇನು ಬಸ್ಸು ತಪ್ಪಿಹೋಗುತ್ತಾ?”

ನಿರ್ದೇಶಕ ತಲೆಯಾಡಿಸಿ ಗಾಜಿನಾಚೆಯ ಕೋಣೆಗೆ ಹೋದ. ಧ್ವನಿಮುದ್ರಣದ ಕೆಂಪು ದೀಪ ಹೊತ್ತಿತು.

ಮೊದಲು ಮರಳು. ಬಲಗಾಲು ಊರಿತು, ಎಡಗಾಲು ಹಗ್ಗ ಕಟ್ಟಿ ಎಳೆದ ಹೊರೆಯಂತೆ ಹಿಂದಿನಿಂದ ಬಂತು. ಜಲ್ಲಿಯಲ್ಲಿ ಅದು ಸಿಕ್ಕಿಕೊಂಡಿತು. ಬಿದ್ದೇಬಿಟ್ಟ ಎಂದು ನಟ ಕೈ ಚಾಚಿದ. ಸದ್ದಣ್ಣ ಕಣ್ಣಿನಲ್ಲೇ ಬೇಡವೆಂದ. ಹಣೆಯ ಬೆವರು ಜಲ್ಲಿಯ ಮೇಲೆ ಬೀಳದಂತೆ ತೋಳಿಗೆ ಒರೆಸಿಕೊಂಡ. ಆಮೇಲೆ ಕಲ್ಲು. ಒಂದು ಗಟ್ಟಿ ಹೆಜ್ಜೆ, ಒಂದು ಉದ್ದನೆಯ ಗೀರು. ಮತ್ತೊಂದು ಹೆಜ್ಜೆ, ಮತ್ತದೇ ಗೀರು. ಚಪ್ಪಡಿಯ ಅಂಚೇ ಹೊಸ್ತಿಲು; ಅದು ಬಂತು. ನಿಂತ.

ಈಗ ಅಮ್ಮಾವ್ರು ‘ಬಂದೆಯಾ ಮಗನೇ’ ಎನ್ನಬೇಕಿತ್ತು. ಎನ್ನಲಿಲ್ಲ. ತಲೆ ಓರೆ ಮಾಡಿ ಆಲಿಸುತ್ತಿದ್ದಳು; ಮುಖದಲ್ಲಿ ಪರಿಚಯದ ಸುಳಿವೇ ಇರಲಿಲ್ಲ. ಗಾಜಿನಾಚೆ ನಿರ್ದೇಶಕ ಒಂದು ಕ್ಷಣ ಕಾದು, ಯಂತ್ರ ನಿಲ್ಲಿಸಲು ಗುಂಡಿಯತ್ತ ಕೈ ಒಯ್ದ.

“ಯಾರಪ್ಪ ನೀನು?” ಎಂದಳು ಅಮ್ಮಾವ್ರು.

ನಾಟಕದಲ್ಲಿ ಇಲ್ಲದ ಮಾತು. ನಟ ಗಾಬರಿಯಿಂದ ಹಾಳೆಯ ಮೇಲೆ ಬೆರಳಾಡಿಸಿದ. ಅವನ ಗುಡುಗಿಗೆ ಅಲ್ಲಿ ಏನೂ ಸಿಗಲಿಲ್ಲ. ಕೆಂಪು ದೀಪ ಉರಿಯುವಷ್ಟು ಹೊತ್ತೂ ಕೆಮ್ಮನ್ನು ಸಹ ನುಂಗಿಕೊಂಡೇ ಆಯುಷ್ಯ ಸವೆಸಿದ್ದ ಸದ್ದಣ್ಣ, ಚಪ್ಪಡಿಯ ಮೇಲೆ ನಿಂತಲ್ಲಿಂದಲೇ ಬಾಯಿ ತೆರೆದ.

“ನಾನೇ ಅಮ್ಮ.”

ಒಣಗಿದ, ಸಣ್ಣ ದನಿ. ಮೈಕು ಕಾಲ ಬುಡದಲ್ಲಿದ್ದರೂ ಕೇಳಿಸಿತು. ಗುಂಡಿಯ ಮೇಲಿದ್ದ ನಿರ್ದೇಶಕನ ಬೆರಳು ಅಲ್ಲೇ ನಿಂತಿತು.

ಅಮ್ಮಾವ್ರು ಅವಸರಪಡಲಿಲ್ಲ. ಆ ದನಿಯನ್ನೂ ಅದಕ್ಕೆ ಮೊದಲಿನ ಹೆಜ್ಜೆಗಳನ್ನೂ ಪಕ್ಕಪಕ್ಕ ಇಟ್ಟು ತೂಗುವವಳಂತೆ ತಲೆಯನ್ನು ಇನ್ನೊಂದು ಕಡೆಗೆ ವಾಲಿಸಿದಳು.

“ದನಿ ಬೇರೆ. ಕಾಲೂ ಬೇರೆ,” ಎಂದಳು ಕೊನೆಗೆ. “ಇರಲಿ, ಒಳಗೆ ಬಾ.”