ವಾಡೆಯ ಫೋಟೊ

ಅಪ್ಪ ಸತ್ತ ವರ್ಷವೇ ಕಾಕಾ ರಾಚನಗೌಡ, ನೀಲಾಂಬಿಕೆಯನ್ನೂ ಅವಳ ಅವ್ವನನ್ನೂ ಮನೆತನದ ಹಳೆಯ ದೊಡ್ಡಮನೆಯಾದ ವಾಡೆಯಿಂದ ಹೊರಹಾಕಿದ್ದ. ಈಗ ಅವಳು ಕ್ಯಾಮೆರಾ ಹಿಡಿದು ಅದೇ ಬಾಗಿಲಿಗೆ ಬಂದಳು. ಸುತ್ತ ಸೂರ್ಯಕಾಂತಿ ಹೊಲಗಳು ಅರಳಿ ನಿಂತಿದ್ದವು.

“ವಾಡೇದ ಫೋಟೊ ತಗೊಳ್ಳಾಕ ಬಂದೇನಿ, ಕಾಕಾ.”

ಕಾಕಾ ನಕ್ಕ. “ತಗೊ, ತಗೊ. ಸುಗ್ಗಿ ಮುಗದ ಮ್ಯಾಲೆ ಇದನ್ನ ಕೆಡವಿ ರೆಸಾರ್ಟ್ ಕಟ್ಟಸ್ತೇನಿ. ಫೋಟೊ ಅಷ್ಟ ನಿಮ್ಮ ಪಾಲು.”

ಅವಳು ಕ್ಯಾಮೆರಾ ಎತ್ತಿದಳು. ಕೆತ್ತನೆಯ ಬಾಗಿಲು, ಕಲ್ಲಿನ ಕಂಬ, ನೆಲದೊಳಗಿನ ಜೋಳದ ಹಗೇವು, ಅವ್ವ ಅಡುಗೆ ಮಾಡುತ್ತಿದ್ದ ಒಲೆ, ಎಲ್ಲದರ ಫೋಟೊ ಸಂಜೆಯವರೆಗೆ ತೆಗೆದಳು.

ಕೆಡವಲು ಜೆಸಿಬಿ ಬಂದ ದಿನ ಅಧಿಕಾರಿಗಳು ಬಂದು ತಡೆದರು. ಕಾಕಾ ಫೋನಿನಲ್ಲಿ ಅರಚಿದ: “ಏನ ಮಾಡಿದಿ ನೀನು?”

“ಫೋಟೊ ಕಳಿಸಿ ಅರ್ಜಿ ಹಾಕಿದ್ನಿ. ಸರ್ಕಾರ ವಾಡೇನ ಸ್ಮಾರಕ ಅಂತ ಸಾರೈತಿ, ಕಾಕಾ. ಇನ್ನ ಗ್ವಾಡಿಗೆ ಒಂದು ಮೊಳಿ ಹೊಡೀಬೇಕಂದ್ರೂ ಅವರನ್ನ ಕೇಳು.”